ಹದಿಮೂರನೇ ನಂಬರಿನವಳ ತಪ್ಪಲ್ಲ

ನಾನು ಹನ್ನೊಂದು ವರ್ಷ ರಗ್ಬಿ ಆಡಿದೆ. ಅದರಲ್ಲಿ ಐದು ವರ್ಷ ಭಾರತದ ಮಹಿಳಾ ತಂಡದಲ್ಲಿ, ಹನ್ನೆರಡನೇ ನಂಬರಿನ ಜೆರ್ಸಿ ಹಾಕಿಕೊಂಡು. ಆ ಜಾಗಕ್ಕೆ ಸೆಂಟರ್ ಎನ್ನುತ್ತಾರೆ. ತಂಡಕ್ಕೆ ಇಬ್ಬರು ಸೆಂಟರ್‌ಗಳು, ಹನ್ನೆರಡು ಮತ್ತು ಹದಿಮೂರು. ಮೈದಾನದ ನಡುವೆ ಅಕ್ಕಪಕ್ಕ ನಿಲ್ಲುತ್ತಾರೆ. ಎದುರಿನವರು ಚೆಂಡು ಹಿಡಿದು ನುಗ್ಗಿದಾಗ ಅವರ ಸೊಂಟಕ್ಕೋ ತೊಡೆಗೋ ಭುಜ ಕೊಟ್ಟು ತಬ್ಬಿ ಕೆಡವುವುದು ಈ ಇಬ್ಬರ ಕೆಲಸ. ಚೆಂಡು ನಮ್ಮ ಕೈಗೆ ಬಂದರೆ ಹಾಗೆಯೇ ನುಗ್ಗಿ ಬೀಳುವುದೂ ನಮ್ಮದೇ ಕೆಲಸ. ಅಂಚಿನಲ್ಲಿ ಓಡುವವರಿಗೆ ಕೊಂಚ ಬಯಲು ಸಿಗುತ್ತದೆ. ಸೆಂಟರಿಗೆ ಸಿಗುವುದಿಲ್ಲ. ಎಲ್ಲ ಕಡೆಯಿಂದಲೂ ಜನ.

ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ತಪ್ಪು ನನ್ನದು. ಹೆಸರು ಹೇಳಿದರೆ ಬೇರೆಯವರೂ ಅದರೊಳಗೆ ಬಂದು ಬೀಳುತ್ತಾರೆ.

ನಮ್ಮ ಮನೆ ಬಾಪೂಜಿ ನಗರದಲ್ಲಿ, ಮೈಸೂರು ರಸ್ತೆಯಿಂದ ಎರಡು ತಿರುವು ಒಳಗೆ, ಮಾಲೀಕರ ಮನೆಯ ಮೇಲಿನ ಮಹಡಿ. ಒಂದು ಹಾಲ್, ಒಂದು ಅಡುಗೆಮನೆ, ಹಾಸಿಗೆ ಹಾಸಿದರೆ ಬಾಗಿಲು ತೆರೆಯಲಾಗದ ಒಂದು ಕೋಣೆ. ಕೋಣೆಯ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. ಅಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮಷೀನ್ ನಡೆಸುತ್ತಿದ್ದರು. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ವಿಜಯನಗರದ ಹೈಸ್ಕೂಲಿನಲ್ಲಿ ನಾನು ಕಬಡ್ಡಿ ಆಡುತ್ತಿದ್ದೆ. ಕಾಲೇಜು ಸೇರಿದ ವರ್ಷ ನಮ್ಮ ಹಳೆಯ ಪಿಟಿ ಮೇಷ್ಟ್ರು ಕರೆದು, "ನೀನು ಹಿಡಿದವ್ರನ್ನ ಬಿಡಲ್ಲ ಕಣಮ್ಮಾ, ಈ ಆಟಕ್ಕೆ ಹೋಗು" ಎಂದು ರಗ್ಬಿ ಆಯ್ಕೆಗೆ ಕಳಿಸಿದರು. ಹೋದೆ. ಮೊದಲ ದಿನವೇ ತುಟಿ ಒಡೆದುಕೊಂಡು ಮನೆಗೆ ಬಂದೆ. ಅಮ್ಮ ಅತ್ತಳು, ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ಸಂತೋಷವಾಗಿತ್ತು.

ಆರ್‌ಪಿಸಿ ಲೇಔಟಿನ ಮೈದಾನದಲ್ಲಿ ಬೆಳಿಗ್ಗೆ ಬೆಳಿಗ್ಗೆ ಒಬ್ಬಳೇ ಓಡುತ್ತಿದ್ದೆ. ವಾಕಿಂಗ್ ಬರುತ್ತಿದ್ದ ಹಿರಿಯರು ನಿಂತು, "ಏನಮ್ಮಾ, ಹೆಣ್ಮಗಳು ಹಿಂಗ್ ದಬ್ ದಬ್ ಅಂತ ಬೀಳ್ತೀಯಲ್ಲ, ನಾಳೆ ಕೈಕಾಲು ಹೋದ್ರೆ?" ಎಂದು ಕೇಳುವರು. "ಬೀಳೋದನ್ನೇ ಕಲೀತಾ ಇರೋದು ಅಂಕಲ್" ಎನ್ನುತ್ತಿದ್ದೆ. ಇಪ್ಪತ್ತಮೂರನೇ ವಯಸ್ಸಿಗೆ ಭಾರತ ತಂಡದ ಪಟ್ಟಿಯಲ್ಲಿ ಹೆಸರು ಬಂತು. ಅದೇ ವಾರ ಅಮ್ಮನಿಗೆ ಒಂದು ಸಂಬಂಧವೂ ಬಂದಿತ್ತು. ಹುಡುಗನ ಮನೆಯವರಿಗೆ ಏನು ಹೇಳುವುದೆಂದು ಮೂರು ದಿನ ಜಗಳವಾಯಿತು. ಕೊನೆಗೆ ಅಮ್ಮನೇ ಒಂದು ಒಪ್ಪಂದಕ್ಕೆ ಬಂದಳು.

"ನೀನು ಇಂಡಿಯಾ ಟೀಮಲ್ಲಿ ಇರೋವರ್ಗೂ ನಾನು ಗಂಡಿನ ವಿಷ್ಯ ಎತ್ತಲ್ಲ. ಆಡೋದು ನಿಲ್ಸಿದ್ ದಿನ ನನ್ ಮಾತು ಕೇಳ್ಬೇಕು. ಆಯ್ತಾ?"

"ಆಯ್ತು" ಎಂದೆ. ಇಪ್ಪತ್ತಮೂರರಲ್ಲಿ ಆಟ ನಿಲ್ಲಿಸುವ ದಿನ ಎಂಬುದು ಯಾರದೋ ಬೇರೆಯವರ ದಿನ.

ಐದು ವರ್ಷ ಆ ಜೆರ್ಸಿ ನನಗೆ ಬೇಲಿಯಾಗಿತ್ತು. ಬಸವೇಶ್ವರನಗರದ ಒಂದು ಖಾಸಗಿ ಶಾಲೆಯಲ್ಲಿ ಪಿಟಿ ಟೀಚರ್ ಕೆಲಸ, ಶಿಬಿರಗಳಿಗೆ ರಜೆ, ವರ್ಷಕ್ಕೆ ಎರಡೋ ಮೂರೋ ಸಲ ವಿಮಾನ. ಆದರೆ ಇಪ್ಪತ್ತೆಂಟರ ಹೊತ್ತಿಗೆ ಬೇಲಿಯೇ ನನ್ನನ್ನು ಕಟ್ಟಿಹಾಕಿತ್ತು. ಪ್ರತಿ ಶಿಬಿರಕ್ಕೂ ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು ಬರುತ್ತಿದ್ದರು. ನನಗಿಂತ ವೇಗ, ನನಗಿಂತ ಗಟ್ಟಿ. ಭುಜ ನೋಯುತ್ತಿದ್ದರೂ ನೋವಿಲ್ಲ ಎನ್ನುವುದು, ಜ್ವರ ಇದ್ದರೂ ಮಾತ್ರೆ ನುಂಗಿ ಓಡುವುದು ಅಭ್ಯಾಸವಾಗಿಬಿಟ್ಟಿತು. ಒಂದು ಸಲ ಪಟ್ಟಿಯಿಂದ ಹೊರಗೆ ಹೋದರೆ ಮತ್ತೆ ಒಳಗೆ ಬರಲಾರೆ ಎಂದು ನನಗೆ ಗೊತ್ತಿತ್ತು. ಹೊರಗೆ ಹೋದರೆ ಎಲ್ಲಿಗೆ ಹೋಗಬೇಕು ಎಂಬುದೂ ಗೊತ್ತಿತ್ತು.

ಆಗ ನನ್ನ ಪಕ್ಕದಲ್ಲಿ ಹದಿಮೂರನೇ ನಂಬರಿನಲ್ಲಿ ಆಡುತ್ತಿದ್ದವಳು ಒಡಿಶಾದ ಹುಡುಗಿ, ನನಗಿಂತ ಆರು ವರ್ಷ ಚಿಕ್ಕವಳು. ಕಡಿಮೆ ಮಾತು, ಆದರೆ ಮೈದಾನದಲ್ಲಿ ಒಂದೇ ಸಮನೆ ಕೂಗುತ್ತಿದ್ದಳು: "ದೀದಿ, ಎಡಕ್ಕೆ! ದೀದಿ, ನಿನ್ನವಳು!" ಪ್ರವಾಸಗಳಲ್ಲಿ ನಮ್ಮಿಬ್ಬರಿಗೂ ಒಂದೇ ಕೋಣೆ ಕೊಡುತ್ತಿದ್ದರು. ನಾವು ಮಾತಾಡುತ್ತಿದ್ದುದು ಹಿಂದಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೊನೆಯ ಪ್ರವಾಸ ಸಮುದ್ರದ ಪಕ್ಕದ ಒಂದು ಹೊರದೇಶದ ಊರಿಗೆ. ಐದು ದಿನಗಳಲ್ಲಿ ಎರಡು ಪಂದ್ಯ. ಮೊದಲ ಪಂದ್ಯದ ದ್ವಿತೀಯಾರ್ಧದಲ್ಲಿ ಎದುರಿನ ಸೆಂಟರ್ ನೇರ ನನ್ನ ಮೇಲೆ ಬಂದಳು. ಕೆಡವುವಾಗ ತಲೆಯನ್ನು ಯಾವ ಪಕ್ಕಕ್ಕೆ ಇಡಬೇಕೆಂದು ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ. ಆ ದಿನ ತಪ್ಪು ಪಕ್ಕಕ್ಕೆ ಇಟ್ಟೆ. ಅವಳ ಸೊಂಟದ ಮೂಳೆ ನನ್ನ ಕಪಾಲಕ್ಕೆ ಬಡಿಯಿತು. ಆಮೇಲೆ ನನಗೆ ನೆನಪಿರುವುದು ಹುಲ್ಲಿನ ವಾಸನೆ, ಬಗ್ಗಿ ನೋಡುತ್ತಿದ್ದ ವೈದ್ಯರ ಮುಖ, ಅವರ ಹೆಗಲಿನ ಹಿಂದೆ ನಿಂತಿದ್ದ ಹದಿಮೂರನೆಯವಳು.

ತಲೆಗೆ ಪೆಟ್ಟು ಬಿದ್ದರೆ ವೈದ್ಯರು ಕೆಲವು ಪ್ರಶ್ನೆ ಕೇಳುತ್ತಾರೆ. ಇದು ಯಾವ ಮೈದಾನ, ಇದು ಮೊದಲ ಅರ್ಧವೋ ಎರಡನೆಯದೋ, ಕೊನೆಗೆ ಅಂಕ ಗಳಿಸಿದವರು ಯಾರು. ತಪ್ಪಿದರೆ ಹೊರಗೆ. ನನಗೆ ಒಂದೂ ಗೊತ್ತಿರಲಿಲ್ಲ. ಮೈದಾನ ಇದೆ ಎಂದಷ್ಟೇ ಗೊತ್ತಿತ್ತು. ನಾನು ಅವಳನ್ನು ನೋಡಿದೆ. ಅವಳು ಒಂದು ಕ್ಷಣ ತಡೆದಳು. ಆಮೇಲೆ ತುಟಿ ಆಡಿಸಿದಳು. ಎರಡನೇ ಅರ್ಧ. ಅವರು. ಮೈದಾನದ ಹೆಸರು. ಅವಳ ತುಟಿ ಓದಿ ಒಂದೊಂದೇ ಉತ್ತರ ಹೇಳಿದೆ. ವೈದ್ಯರು ನನ್ನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ತಲೆಯಾಡಿಸಿ ಎದ್ದು ಹೋದರು. ಪಂದ್ಯ ಪೂರ್ತಿ ಆಡಿದೆನಂತೆ. ಇಬ್ಬರನ್ನು ಕೆಡವಿದೆನಂತೆ. ನನಗೆ ನೆನಪಿಲ್ಲ.

ಕೋಣೆಯಲ್ಲಿ ಅವಳನ್ನು, "ನಾವು ಗೆದ್ವಾ?" ಎಂದು ಕೇಳಿದೆ.

"ಸೋತ್ವಿ ದೀದಿ." ಸ್ವಲ್ಪ ಹೊತ್ತಿನ ನಂತರ ಅವಳೇ ಹೇಳಿದಳು, "ಇದನ್ನ ಮೂರನೇ ಸಲ ಕೇಳ್ತಾ ಇದೀಯ. ಕೋಚ್‌ಗೆ ಹೇಳೋಣ."

"ಬೇಡ. ನಾಳೆ ಸರಿಹೋಗುತ್ತೆ."

"ದೀದಿ—"

"ನನ್ನ ಮೇಲೆ ಆಣೆ ಇಡು" ಎಂದೆ. ಅವಳು ಇಟ್ಟಳು. ಮನಸ್ಸಿಲ್ಲದೆ ಇಟ್ಟಳು ಎಂದು ಅವಳ ಮುಖದಲ್ಲಿ ಕಾಣುತ್ತಿತ್ತು. ಆದರೂ ನಾನು ಅವಳನ್ನು ಆ ಆಣೆಯಿಂದ ಬಿಡಿಸಲಿಲ್ಲ.

ನಾಲ್ಕು ದಿನ ನಾನು ನಟಿಸಿದೆ. ಊಟದ ಕೋಣೆಯ ದೀಪಗಳು ಕಣ್ಣಿಗೆ ಸೂಜಿಯಂತೆ ಚುಚ್ಚುತ್ತಿದ್ದವು. ಅಭ್ಯಾಸದಲ್ಲಿ ಎಡಗಡೆಯಿಂದ ಬಂದ ಚೆಂಡು ಕೈಗೆ ಸಿಗುವ ಬದಲು ಎದೆಗೆ ಬಡಿಯುತ್ತಿತ್ತು. ಎಡಗಣ್ಣಿನ ಅಂಚಿನಲ್ಲಿ ಹೊಗೆ ಕಟ್ಟಿದಂತೆ. ಎರಡನೇ ಪಂದ್ಯದ ಮೊದಲ ಇಪ್ಪತ್ತು ನಿಮಿಷ ಹೇಗೋ ಕಳೆಯಿತು. ಆಮೇಲೆ ಅವರ ಆಟಗಾರ್ತಿ ಒಬ್ಬಳು ನನ್ನ ಎಡಕ್ಕೆ ನುಗ್ಗಿದಳು. ಅವಳು ನನ್ನವಳು, ನಾನೇ ಕೆಡವಬೇಕಿತ್ತು. ನನಗೆ ಅವಳು ಕಾಣಿಸಲೇ ಇಲ್ಲ. "ದೀದಿ, ನಿನ್ನವಳು!" ಎಂಬ ಕೂಗು ಕೇಳಿಸಿತು. ನಾನು ಅಲುಗಾಡದೆ ನಿಂತಿರುವುದನ್ನು ನೋಡಿ ಹದಿಮೂರನೆಯವಳು ತನ್ನ ಜಾಗ ಬಿಟ್ಟು ಒಳಗೆ ತಿರುಗಿ ಹಾರಿದಳು. ಅವಳ ಬಲಗಾಲು ನೆಲದಲ್ಲಿ ಸಿಕ್ಕಿಕೊಂಡಿತು, ಮೈ ತಿರುಗಿತು. ಒಣಸೌದೆ ಮುರಿದಂತೆ ಸದ್ದು. ಅವಳು ನೋವಿಗೆ ಕಿರುಚಿದ್ದನ್ನು ಅದಕ್ಕೆ ಮೊದಲು ನಾನು ಒಮ್ಮೆಯೂ ಕೇಳಿರಲಿಲ್ಲ.

ಮಂಡಿಯ ಲಿಗಮೆಂಟ್ ಹರಿದಿತ್ತು.

ಮರುದಿನ ಹೋಟೆಲಿನ ಒಂದು ಕೋಣೆಯಲ್ಲಿ ಕೋಚ್ ಪಂದ್ಯದ ವಿಡಿಯೋ ಹಾಕಿದರು. ಅದೇ ಜಾಗದಲ್ಲಿ ನಿಲ್ಲಿಸಿದರು. ಪರದೆಯ ಮೇಲೆ ನಾನು ಸರಿಯಾದ ಜಾಗದಲ್ಲೇ ನಿಂತಿದ್ದೆ. ಅವಳು ತನ್ನ ಜಾಗ ಬಿಟ್ಟು ಒಳಗೆ ಬಂದಿದ್ದಳು. ಅವಳು ಬಿಟ್ಟ ಖಾಲಿ ಜಾಗದಲ್ಲೇ ಅವರು ಅಂಕ ಗಳಿಸಿದ್ದರು. "ನೋಡಿ" ಎಂದರು ಕೋಚ್. "ಹದಿಮೂರು ತನ್ನ ಜಾಗ ಬಿಡಬಾರದಿತ್ತು. ಪಕ್ಕದವಳನ್ನ ನಂಬಬೇಕು. ನಂಬದೇ ಹೋದರೆ ಹೀಗಾಗುತ್ತೆ, ಅಂಕವೂ ಹೋಗುತ್ತೆ, ಮಂಡಿಯೂ ಹೋಗುತ್ತೆ."

ಅವಳು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ತಿರುಗಿ ನನ್ನನ್ನು ನೋಡಲಿಲ್ಲ. "ಸಾರಿ ಸರ್" ಎಂದಳು. ನಾನು ಬಾಯಿ ತೆರೆಯಲಿಲ್ಲ. ತೆರೆದರೆ ನನ್ನ ಆಟ ಹೋಗುತ್ತದೆ ಎಂಬುದು ಒಂದು ಭಯ. ವೈದ್ಯರ ಪ್ರಶ್ನೆಗಳಿಗೆ ಕದ್ದು ಉತ್ತರ ಹೇಳಿಕೊಟ್ಟಿದ್ದಕ್ಕೆ ಅವಳೂ ಸಿಕ್ಕಿಬೀಳುತ್ತಾಳೆ ಎಂಬುದು ಇನ್ನೊಂದು. ಎರಡನೆಯದನ್ನೇ ನಿಜವಾದ ಕಾರಣ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ಮೂರು ವಾರ ನಂಬಿಯೂ ಇದ್ದೆ. ವಿಮಾನ ನಿಲ್ದಾಣದಲ್ಲಿ ಅವಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವಾಗ ನಾನು ಬ್ಯಾಗು ಹಿಡಿದು ಹಿಂದೆ ಹಿಂದೆ ನಡೆದೆ.

ಮನೆಗೆ ಬಂದ ಮೇಲೆ ನನ್ನ ತಲೆ ಪೂರ್ತಿ ಕೆಟ್ಟಿತು. ಮೈಸೂರು ರಸ್ತೆಯ ಹಾರ್ನು, ಕೆಳಗಿನ ಮನೆಯ ಮಿಕ್ಸಿ, ಕುಕ್ಕರಿನ ಕೂಗು, ಎಲ್ಲವೂ ತಲೆಯೊಳಗೇ ಆಗುತ್ತಿದ್ದವು. ಬೆಳಕು ಬೇಡ, ಫೋನಿನ ಪರದೆ ಬೇಡ. ಮನೆಯಲ್ಲಿ ಬರೀ ತಲೆನೋವು, ಪ್ರಯಾಣದ ಸುಸ್ತು ಎಂದೆ. ಅಮ್ಮ ದೃಷ್ಟಿ ಎಂದಳು. ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು, ಆ ಘಾಟಿಗೆ ವಾಂತಿ ಮಾಡಿಕೊಂಡೆ. ಹೊಲಿಗೆ ಮಷೀನಿನ ಸದ್ದಿಗೆ ನಾನು ಕಿವಿ ಮುಚ್ಚಿಕೊಳ್ಳುವುದನ್ನು ನೋಡಿದ ಮೇಲೆ ಏನೂ ಕೇಳದೆ ಅಪ್ಪನ ಕೈಯಲ್ಲಿ ಅದನ್ನು ಹೊರಿಸಿ ಮಾಲೀಕರ ಮನೆಯ ಪಡಸಾಲೆಗೆ ಇಳಿಸಿದಳು. ಗೋಡೆ ನೋಡುವ ಆ ಕಿಟಕಿಗೆ ಕಂಬಳಿ ಕಟ್ಟಿ ಹಾಸಿಗೆಯ ಮೇಲೆ ಬಿದ್ದುಕೊಂಡೆ. ಹಗಲು ಯಾವುದು, ಸಂಜೆ ಯಾವುದು ಎಂದು ಸಾಂಬಾರಿನ ವಾಸನೆಯಿಂದ ಲೆಕ್ಕ ಹಾಕುತ್ತಿದ್ದೆ. ಶಾಲೆಗೆ ಜ್ವರ ಎಂದು ಸುಳ್ಳು ಹೇಳಿದೆ. ಒಂದು ಸುಳ್ಳಿನ ಹಿಂದೆ ಇನ್ನೊಂದು ತಾನಾಗಿಯೇ ಬರುತ್ತಿತ್ತು, ಹುಡುಕಬೇಕಾಗಿಯೇ ಇರಲಿಲ್ಲ.

ಅದು ನವೆಂಬರ್. ನಮ್ಮ ಬೀದಿಯ ಗೆಳೆಯರ ಬಳಗದವರು ರಾಜ್ಯೋತ್ಸವದ ಸಮಾರಂಭದಲ್ಲಿ ನನಗೆ ಸನ್ಮಾನ ಇಟ್ಟುಕೊಂಡಿದ್ದರು. ನಾನು ಬರಲ್ಲ ಎಂದೆ. ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಮೆತ್ತಗೆ ಹೇಳಿದಳು, "ನಿಮ್ಮಪ್ಪ ಫ್ಯಾಕ್ಟರೀಲಿ ಎಲ್ರಿಗೂ ಹೇಳ್ಬಿಟ್ಟಿದಾರೆ ಕಣೇ. ಅರ್ಧ ದಿನ ರಜ ಬೇರೆ ಹಾಕವ್ರೆ. ಹತ್ತು ನಿಮಿಷ ಕೂತು ಬಾ."

ಹತ್ತು ನಿಮಿಷವಲ್ಲ, ಒಂದೂವರೆ ಗಂಟೆ ಕೂರಿಸಿದರು. ಅಡ್ಡರಸ್ತೆಗೆ ಅಡ್ಡಲಾಗಿ ಕಟ್ಟಿದ ವೇದಿಕೆ, ಎರಡೂ ಪಕ್ಕ ಆಳೆತ್ತರದ ಸ್ಪೀಕರ್‌ಗಳು, ಕೆಂಪು ಹಳದಿ ದೀಪಗಳು ಮುಖದ ಮೇಲೇ ತಿರುಗುತ್ತಿದ್ದವು. ನನಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ಏಳಲು ಆಗದಂತೆ ಎಲ್ಲ ಕಡೆಯಿಂದ ಕಟ್ಟಿದಂತಿತ್ತು. ನಿರೂಪಕ ಮೈಕು ಬಾಯಿಗೆ ಒತ್ತಿಕೊಂಡು ಕೂಗಿದ: "ರಗ್ಬಿ! ಮೊಟ್ಟೆ ಆಕಾರದ ಚೆಂಡಿನ ಆಟ ಸ್ವಾಮಿ! ತಲೆಗೆ ಏಟು ಬಿದ್ರೂ ಎದ್ದು ನಿಂತು ಆಡಿದ ನಮ್ಮ ಬಾಪೂಜಿ ನಗರದ ಹುಲಿ! ಜೋರಾಗಿ ಚಪ್ಪಾಳೆ!"

ಬಿದ್ದದ್ದು ಅವನಿಗೆ ಹೇಗೆ ಗೊತ್ತಾಯಿತು ಎಂದು ಗಾಬರಿಯಾಯಿತು. ಆಮೇಲೆ ಹೊಳೆಯಿತು, ಪಂದ್ಯದ ತುಣುಕು ಯಾರೋ ಮೊಬೈಲುಗಳಲ್ಲಿ ಹಂಚಿದ್ದರು. ಬಿದ್ದು ಎದ್ದು ಮತ್ತೆ ಓಡುವ ನಾನು. ಬೀದಿಯೆಲ್ಲ ನೋಡಿತ್ತು. ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಪ್ಪ ಕೂತಿದ್ದರು. ಪಕ್ಕದವರು ಅವರ ಬೆನ್ನು ತಟ್ಟುತ್ತಿದ್ದರು. ಚಪ್ಪಾಳೆಯ ಸದ್ದಿಗೆ ಕಣ್ಣು ಕತ್ತಲೆ ಬಂತು. ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು.  ನನ್ನ ಶಾಲೆಯ ಹೆಸರೂ ನೆನಪಾಗಲಿಲ್ಲ. ಮೈಕನ್ನು ಕುರ್ಚಿಯ ಮೇಲಿಟ್ಟು, ಪೇಟ ತೆಗೆದು, ಮೆಟ್ಟಿಲಿಳಿದು ವೇದಿಕೆಯ ಹಿಂದಿನ ಓಣಿಗೆ ಹೋಗಿ ಮೋರಿಯ ಪಕ್ಕ ಕುಸಿದು ಕೂತೆ.

ಅಪ್ಪ ಓಡಿಬಂದರು. "ಏನಾಯ್ತೇ? ಏನಾಯ್ತು?"

"ಅಪ್ಪಾ, ನನಗೆ ಆ ಪಂದ್ಯ ನೆನಪೇ ಇಲ್ಲ."

"ಹಂಗಂದ್ರೆ?"

ಅಲ್ಲಿಯೇ, ಹಿಂದೆ ಹಾಡಿನ ತಂಡದ ಡ್ರಮ್ಮು ಬಡಿಯುತ್ತಿರುವಾಗಲೇ, ಎಲ್ಲವನ್ನೂ ಹೇಳಿದೆ. ತುಟಿ ಓದಿ ಉತ್ತರ ಹೇಳಿದ್ದು, ಆಣೆ ಇಡಿಸಿದ್ದು, ಎಡಗಡೆ ಕಾಣದಿದ್ದದ್ದು, ಆ ಹುಡುಗಿಯ ಮಂಡಿ, ಪರದೆಯ ಮುಂದೆ ಬಾಯಿ ಬಿಡದೆ ಕೂತದ್ದು. ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಆ ಬಿಳಿ ಅಂಗಿಯಲ್ಲೇ ನನ್ನ ಪಕ್ಕ ಮೋರಿಯ ಕಲ್ಲಿನ ಮೇಲೆ ಕೂತರು. ಆಮೇಲೆ ಹೇಳಿದರು, "ಹಿಂದೆ ನಮ್ಮ ಫ್ಯಾಕ್ಟರೀಲಿ ಒಬ್ಬನ ಬೆರಳು ಮಷೀನಿಗೆ ಸಿಕ್ತು. ಕೈ ತಗಲ್ದಂಗೆ ಹಾಕಿರೋ ಗಾರ್ಡ್ ಬಿಚ್ಚಿಟ್ಟಿದ್ದೋನು ನಾನು, ಕೆಲಸ ಬೇಗ ಆಗ್ಲಿ ಅಂತ. ಅವನೇ ಬಿಚ್ಚಿದ್ದ ಅಂತ ಸೂಪರ್‌ವೈಸರ್ ಬರ್ಕೊಂಡ. ನಾನೂ ಸುಮ್ನಿದ್ದೆ. ಅವನು ಊರಿಗೆ ಹೋದ, ಆಮೇಲೆ ಎಲ್ಲಿದಾನೋ ಗೊತ್ತಿಲ್ಲ." ನನ್ನ ಕಡೆ ನೋಡದೆಯೇ ಮುಂದುವರಿಸಿದರು, "ಆ ಹುಡ್ಗಿ ನಂಬರ್ ನಿನ್ ಹತ್ರ ಇದೆ ತಾನೆ? ಇನ್ನೂ ಟೈಮ್ ಇದೆ."

ನಾನು ಹುಟ್ಟಿದಾಗಿನಿಂದ ಅಪ್ಪ ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಮೇಲೆಯೂ ಎಂದೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಫೋನ್ ಡಯಲ್ ಮಾಡಿಕೊಟ್ಟಳು. ಆ ಹುಡುಗಿ ಶಸ್ತ್ರಚಿಕಿತ್ಸೆ ಮುಗಿಸಿ ಊರಿನಲ್ಲಿದ್ದಳು.

"ನಾನು ಕೋಚ್‌ಗೆ ಹೇಳ್ತೀನಿ" ಎಂದೆ. "ನಿನ್ನ ಹೆಸರು ತರಲ್ಲ. ಉತ್ತರ ನಾನೇ ಹೇಗೋ ಹೇಳಿದೆ ಅಂತೀನಿ."

 "ಮೂರು ವಾರ ಬೇಕಾಯ್ತಾ ದೀದಿ ನಿನಗೆ?" ಎಂದಳು. "ನಮ್ಮೂರಿನ ಕೋಚ್ ಕೂಡ ಆ ವಿಡಿಯೋ ನೋಡಿದಾರೆ. ಜಾಗ ಬಿಟ್ಟು ಓಡಿದವಳು ಅಂತಾರೆ ನನ್ನನ್ನ. ನೀನು ಫೋನ್ ಮಾಡ್ತೀಯ ಅಂತ ದಿನಾ ಕಾದೆ."

"ತಪ್ಪಾಯ್ತು."

"ಎಲ್ಲಾ ಹೇಳು. ನನ್ನದೂ ಹೇಳು. ಅರ್ಧ ಹೇಳಿದ್ರೆ ಮತ್ತೆ ಉಳಿದರ್ಧ ಮುಚ್ಚಿಟ್ಕೊಂಡು ಇರ್ಬೇಕಾಗುತ್ತೆ."

ಕೋಚ್‌ಗೆ ಹೇಳುವುದು ಅದಕ್ಕಿಂತ ಸುಲಭವಾಯಿತು. ಅವರು ಕೂಗಾಡಲಿಲ್ಲ. "ನಾನು ಅವಳಿಗೆ ಎಲ್ಲರೆದುರು ಅಂದಿದ್ದೀನಿ. ಎಲ್ಲರೆದುರೇ ಸರಿ ಮಾಡ್ಬೇಕು" ಎಂದರು. ಒಂದು ಸಂಜೆ ಇಡೀ ತಂಡವನ್ನು ವಿಡಿಯೋ ಕರೆಗೆ ಸೇರಿಸಿದರು. ಕಂಬಳಿ ಕಟ್ಟಿದ ಕೋಣೆಯಲ್ಲಿ ಫೋನಿನ ಬೆಳಕನ್ನು ಕನಿಷ್ಠಕ್ಕೆ ಇಳಿಸಿ ಕೂತೆ. ಪುಟ್ಟ ಚೌಕಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮುಖಗಳು. ಕೋಚ್ ಅದೇ ದೃಶ್ಯ ನಿಲ್ಲಿಸಿದರು. ನಾನು ಹೇಳಿದೆ: "ಇಲ್ಲಿ ನನಗೆ ಎದುರಿನವಳು ಕಾಣಲಿಲ್ಲ. ಅದಕ್ಕೇ ನಾನು ನಿಂತೇ ಇದೀನಿ. ಸರಿಯಾದ ಜಾಗದಲ್ಲಿ ನಿಂತಿರೋದಲ್ಲ ಇದು. ಹದಿಮೂರು ಜಾಗ ಬಿಟ್ಟಿಲ್ಲ, ನನ್ನ ಕೆಲಸ ಮಾಡೋಕೆ ಬಂದಿದಾಳೆ."  ಒಂದೊಂದೇ ಚೌಕ ಆರಿಹೋಯಿತು.

ಅಪ್ಪ ನನ್ನನ್ನು ನರರೋಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪೆಟ್ಟು ಬಿದ್ದ ತಲೆಗೆ ವಿಶ್ರಾಂತಿ ಕೊಡದೆ ಮತ್ತೆ ಆಡಿದ್ದರಿಂದ ಹೀಗೆ ಉಲ್ಬಣಿಸಿದೆ, ಇನ್ನೊಂದು ಪೆಟ್ಟು ಬಿದ್ದರೆ ಏನಾಗುತ್ತದೆಂದು ಹೇಳಲಾರೆ ಎಂದರು ವೈದ್ಯರು. ಬೆಳಕಿಗೆ ಬರಲು ಎರಡೂವರೆ ತಿಂಗಳಾಯಿತು. ಆಡಲು ಅನುಮತಿ ಸಿಗಲೇ ಇಲ್ಲ. ಮೈದಾನದಲ್ಲಿ ಉತ್ತರ ಹೇಳಿಕೊಟ್ಟಿದ್ದಕ್ಕೆ ಆ ಹುಡುಗಿಗೆ ಎಚ್ಚರಿಕೆಯ ಪತ್ರ ಹೋಯಿತು, ಅಷ್ಟಕ್ಕೇ ಮುಗಿಯಿತು. ನನ್ನ ಜೆರ್ಸಿ ಹೋಯಿತು, ಒಂದು ಬೀಳ್ಕೊಡುಗೆಯೂ ಇಲ್ಲದೆ. ಕೆಲವು ಗೆಳತಿಯರು ಇಂದಿಗೂ ಫೋನ್ ಎತ್ತುವುದಿಲ್ಲ.

ಇನ್ನು ಅಮ್ಮನ ಒಪ್ಪಂದ. ಆಟ ನಿಂತ ದಿನ ಅವಳು ಅದನ್ನು ಎತ್ತಲಿಲ್ಲ, "ಮೊದ್ಲು ತಲೆ ನೆಟ್ಟಗಾಗ್ಲಿ" ಎಂದಳು. ವರ್ಷ ಕಳೆದ ಮೇಲೆ ಫೋಟೋಗಳು ಬರತೊಡಗಿದವು. ಒಂದು ಸಂಬಂಧದವರು ಕೆಂಗೇರಿಯಿಂದ ಬಂದು ಕಾಫಿ ಕುಡಿದು ಹೋದರು. ತಲೆಗೆ ಪೆಟ್ಟಾದ ವಿಷಯ ನಾನೇ ಹೇಳಿದ್ದರಿಂದ ಮತ್ತೆ ಬರಲಿಲ್ಲ. ಅಮ್ಮ ಸಿಟ್ಟಾದಳು. "ಕೇಳ್ದೆ ಇದ್ದದ್ದನ್ನ ಯಾಕೆ ಹೇಳೋಕೆ ಹೋದೆ?"  ಮುಚ್ಚಿಡಲು ನನ್ನಲ್ಲಿ ತ್ರಾಣ ಉಳಿದಿಲ್ಲ ಎಂದರೆ ಅವಳಿಗೆ ಅರ್ಥವಾಗುತ್ತಿತ್ತೋ ಏನೋ. ಈಗ ಮೂವತ್ತೊಂದು. ಮದುವೆಯ ಮಾತು ಇನ್ನೂ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಏಳುತ್ತದೆ, ಕೂರುತ್ತದೆ. ಶಾಲೆಯ ಕೆಲಸ ಇದೆ. ಬೆಲ್ ಹೊಡೆಯುವ ಹೊತ್ತಿಗೆ ಮೈದಾನದ ಕೊನೆಗೆ ಹೋಗಿ ನಿಲ್ಲುತ್ತೇನೆ, ಹತ್ತಿರ ಇದ್ದರೆ ಆ ದಿನವೆಲ್ಲ ತಲೆ ಸಿಡಿಯುತ್ತದೆ.

ಆ ಹುಡುಗಿ ಒಂದೂವರೆ ವರ್ಷದ ನಂತರ ತಂಡಕ್ಕೆ ಮರಳಿದಳು. ಹದಿಮೂರರಲ್ಲಿ ಅಲ್ಲ, ಹನ್ನೆರಡರಲ್ಲಿ. ಅವಳ ಮೊದಲ ಪಂದ್ಯವನ್ನು ಮೆಟ್ರೋದಲ್ಲಿ ನಿಂತು ಫೋನಿನಲ್ಲಿ ನೋಡಿದೆ. ಇಳಿಯುವ ಸ್ಟೇಷನ್ ದಾಟಿಹೋದದ್ದು ಗೊತ್ತಾಗಲಿಲ್ಲ. ಅವಳು ಇಬ್ಬರನ್ನು ದೂಡಿಕೊಂಡು ನುಗ್ಗಿದಾಗ ಸಂತೋಷವಾಯಿತು ಎಂದು ಬರೆಯಬೇಕು. ಆಯಿತು. ಜೊತೆಗೆ ಕಂಬಿ ಹಿಡಿದ ಕೈ ಬಿಡಲಾಗದಷ್ಟು ಹೊಟ್ಟೆಕಿಚ್ಚೂ ಆಯಿತು.

ಹೋದ ವರ್ಷ ಶಿಬಿರಕ್ಕೆಂದು ಬೆಂಗಳೂರಿಗೆ ಬಂದವಳು ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಳು. ಅಮ್ಮ ಮುದ್ದೆ ಮಾಡಿ, ನುಂಗುವುದು ಹೇಗೆಂದು ತೋರಿಸಿಕೊಟ್ಟಳು. ಅವಳು ಅಗಿದು ಅಗಿದು ತಿಂದು ಎಲ್ಲರನ್ನೂ ನಗಿಸಿದಳು. ಆಮೇಲೆ ನಾವಿಬ್ಬರೇ ತಾರಸಿಯ ಮೇಲೆ, ಒಣಗಿಹಾಕಿದ ಬಟ್ಟೆಗಳ ನಡುವೆ ಕೂತೆವು.

"ಕ್ಷಮಿಸಿದೀಯಾ?" ಎಂದು ಕೇಳಿದೆ. ಎರಡು ವರ್ಷದಿಂದ ಕೇಳಬೇಕೆಂದಿದ್ದದ್ದು.

ಅವಳು ಪ್ಯಾಂಟು ಮೇಲೆತ್ತಿ ಮಂಡಿಯ ಕಲೆ ಉಜ್ಜಿಕೊಂಡಳು. "ಮಳೆ ಬಂದಾಗ ನೋಯುತ್ತೆ ದೀದಿ" ಎಂದಳು. "ನೋಯದೇ ಇರೋ ದಿನ ಕ್ಷಮಿಸಿರ್ತೀನಿ."

 ಅವಳು ಮುಂದಿನ ಪಂದ್ಯದ ವಿಷಯ ತೆಗೆದಳು. ಎದುರಿನ ಸೆಂಟರ್ ತುಂಬ ಬಲಶಾಲಿ, ಬಲಗಡೆಗೇ ಜಾಸ್ತಿ ನುಗ್ಗುತ್ತಾಳೆ, ಹೇಗೆ ತಡೆಯಲಿ ಎಂದಳು. ನಾನು ಎದ್ದು ನಿಂತು, ಕಾಲು ಎಲ್ಲಿಡಬೇಕು, ಭುಜ ಯಾವಾಗ ಇಳಿಸಬೇಕು ಎಂದು ತೋರಿಸಿದೆ. ಅವಳೂ ಎದ್ದು ಅದನ್ನೇ ಮಾಡಿದಳು. ಕೆಳಗಿನಿಂದ ಅಮ್ಮ ಕಾಫಿಗೆ ಕರೆಯುವವರೆಗೂ ಹಾಗೇ ತೋರಿಸುತ್ತಿದ್ದೆ.